ವಿದೇಶಿ ನೆರವು ಫಲಿಸಿತೇ? ಜೊಯಿಡಾ ಸೀಮೆಯನ್ನು ಮುಂದಿಟ್ಟುಕೊಂಡು ಮುಖ್ಯಾಂಶಗಳು

‘ಅಭಿವೃದ್ಧಿಶೀಲ ದೇಶಗಳಲ್ಲಿ ವಿದೇಶಿ ನೆರವಿನ ಪರಿಣಾಮವನ್ನು ಅಳೆಯುವುದು ಹೇಗೆ?’ ಎಂಬ ಪ್ರಶ್ನೆ ಬಂದರೆ ಹೆಚ್ಚಿನ ಅಭ್ಯರ್ಥಿಗಳು ಆಫ್ರಿಕಾದ ಹೆಸರು ಬರೆದು ಮುಗಿಸುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ಜೊಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ ತಾಲೂಕುಗಳನ್ನು ಹಿಡಿದುಕೊಂಡರೆ ಸಾಕು. ಜಿಲ್ಲೆಯ ಕಾಡಿಗೆ ಬ್ರಿಟನ್ನಿನ ಅನುದಾನ ಬಂದಿದೆ, ದಾಂಡೇಲಿಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಬಂದಿದೆ, ಮುಂಡಗೋಡಿನಲ್ಲಿ ನಿರಾಶ್ರಿತರ ದೊಡ್ಡ ವಸತಿಯೇ ಎದ್ದಿದೆ. ಇವುಗಳನ್ನು ಸರಿಯಾಗಿ ಓದಿಕೊಂಡವರು ಉಳಿದದ್ದನ್ನು ತಾವೇ ಬರೆಯಬಲ್ಲರು.

ಮೊದಲು ತಿಳಿದಿರಬೇಕಾದದ್ದು

- ‘ಓಡಿಎ’ ಎಂಬ ಮೂರಕ್ಷರಕ್ಕೆ ಎರಡು ಅರ್ಥವಿದೆ, ಬೆರೆಸಬೇಡಿ. ಒಂದು, ಅಧಿಕೃತ ಅಭಿವೃದ್ಧಿ ನೆರವು: ಒಂದು ಸರ್ಕಾರ ಇನ್ನೊಂದು ದೇಶದ ಅಭಿವೃದ್ಧಿಗೆಂದು ಕೊಡುವ ಅನುದಾನ ಅಥವಾ ರಿಯಾಯಿತಿ ಸಾಲ. ಇನ್ನೊಂದು, ಬ್ರಿಟನ್ ಸರ್ಕಾರದ ಸಾಗರೋತ್ತರ ಅಭಿವೃದ್ಧಿ ಆಡಳಿತ ಎಂಬ ಇಲಾಖೆ. ಇದು 1997ರಲ್ಲಿ ಡಿಎಫ್‌ಐಡಿ ಎಂಬ ಪ್ರತ್ಯೇಕ ಸಚಿವಾಲಯವಾಯಿತು. 2020ರಲ್ಲಿ ಅದನ್ನು ವಿದೇಶಾಂಗ ಕಚೇರಿಯೊಳಗೆ ಸೇರಿಸಲಾಯಿತು.
- ಸೇನಾ ನೆರವು, ವ್ಯಾಪಾರಿ ದರದ ಸಾಲ, ಖಾಸಗಿ ಹೂಡಿಕೆ ಇವು ಓಡಿಎ ಲೆಕ್ಕಕ್ಕೆ ಬರುವುದಿಲ್ಲ. ಹೊರದೇಶದಲ್ಲಿರುವ ಮಗ ಮನೆಗೆ ಕಳಿಸುವ ಹಣವೂ ಬರುವುದಿಲ್ಲ.
- ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಾಗಿ ಕೊಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ಒಪ್ಪಿತು. ಮುಟ್ಟಿದ ದೇಶಗಳು ಕೈಬೆರಳೆಣಿಕೆಯವು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್ ಅವುಗಳಲ್ಲಿ ಸೇರಿವೆ.
- ಕಟ್ಟಿಹಾಕಿದ ನೆರವು: ಕೊಟ್ಟ ಹಣದಲ್ಲಿ ಕೊಟ್ಟವರ ದೇಶದ ಸರಕನ್ನೇ ಕೊಳ್ಳಬೇಕೆಂಬ ಷರತ್ತು. ಬ್ರಿಟನ್ ಈ ಷರತ್ತನ್ನು 2001ರಲ್ಲಿ ಕೈಬಿಟ್ಟಿತು.

ಸೀಮೆಯ ಪರಿಚಯ

ಜೊಯಿಡಾ ತಾಲೂಕಿನ ಹಳೆಯ ಹೆಸರು ಸೂಪಾ. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಸೂಪಾ ಪೇಟೆ ಮುಳುಗಿತು, ತಾಲೂಕು ಕೇಂದ್ರ ಜೊಯಿಡಾಕ್ಕೆ ಬಂತು. ಕಾಳಿ ಹುಟ್ಟುವುದು ಇದೇ ತಾಲೂಕಿನ ಡಿಗ್ಗಿಯ ಬಳಿ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು. ಕಾಡನ್ನೇ ನೆಚ್ಚಿ ಬದುಕುವವರು ಕುಣಬಿಗಳು, ಎಮ್ಮೆ ಸಾಕುವ ಗೌಳಿಗಳು, ಹಳಿಯಾಳ ಮುಂಡಗೋಡ ಕಡೆಯ ಸಿದ್ದಿಗಳು. ನೆರವಿನ ಯಾವ ಲೆಕ್ಕವನ್ನೇ ಹಾಕಿ, ಕೊನೆಗೆ ಈ ಮೂರು ಸಮುದಾಯಗಳ ಬಾಗಿಲಿಗೆ ಬಂದು ನಿಲ್ಲದಿದ್ದರೆ ಆ ಲೆಕ್ಕ ಅರ್ಧವೇ.

ಪಶ್ಚಿಮ ಘಟ್ಟ ಅರಣ್ಯ ಯೋಜನೆ: ಇದನ್ನು ಚೆನ್ನಾಗಿ ಓದಿಕೊಳ್ಳಿ

ಹಿನ್ನೆಲೆ ಬೇಕು. 1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಊರಿನವರಿಗೆ ಸೌದೆ, ಮೇವು ಸಿಗಲಿ ಎಂಬುದು ಘೋಷಿತ ಉದ್ದೇಶ. ಬೆಳೆದದ್ದು ಬಹುಪಾಲು ನೀಲಗಿರಿ, ಹೋದದ್ದು ಕಾರ್ಖಾನೆಗೆ. ಅದೇ 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿ ಕಿತ್ತೆಸೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಜನ ಮರ ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ಗೋಮಾಳದಲ್ಲಿ ನೆಟ್ಟ ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಕುಸನೂರಿನ ಜಗಳ ವಿದೇಶಿ ನೆರವಿನದಲ್ಲ, ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯದು. ಆದರೆ ಪ್ರಶ್ನೆ ಒಂದೇ. ಗಿಡ ಯಾರಿಗಾಗಿ?

ಈ ಪಾಠದ ಮೇಲೆ ಬಂದದ್ದು ಪಶ್ಚಿಮ ಘಟ್ಟ ಅರಣ್ಯ ಯೋಜನೆ.

- ಕೊಟ್ಟವರು: ಬ್ರಿಟನ್ನಿನ ಓಡಿಎ, ಅನುದಾನವಾಗಿ. ಜಾರಿ ಮಾಡಿದ್ದು: ಕರ್ನಾಟಕ ಅರಣ್ಯ ಇಲಾಖೆ. ಆರಂಭ 1990ರ ದಶಕದ ಮೊದಲಲ್ಲಿ.
- ಕ್ಷೇತ್ರ: ಕೆನರಾ ವೃತ್ತ, ಅಂದರೆ ಶಿರಸಿ, ಯಲ್ಲಾಪುರ, ಹಳಿಯಾಳ, ಕಾರವಾರ, ಹೊನ್ನಾವರ ಅರಣ್ಯ ವಿಭಾಗಗಳು.
- ಗುರಿ ಎರಡು. ಕಾಡನ್ನು ನೋಡಿಕೊಳ್ಳುವ ಇಲಾಖೆಯ ಸಾಮರ್ಥ್ಯ ಹೆಚ್ಚಿಸುವುದು ಒಂದು. ಕಾಡನ್ನು ನೆಚ್ಚಿದ ಬಡವರು, ಮಹಿಳೆಯರು, ಬುಡಕಟ್ಟಿನವರ ಸ್ಥಿತಿ ಯೋಜನೆಯಿಂದ ಕೆಡದಂತೆ, ಆದಷ್ಟೂ ಸುಧಾರಿಸುವಂತೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನೆಯ ಗುರಿ ಬರೆದಿಟ್ಟದ್ದರಿಂದಲೇ ಮುಂದೆ ಅದೇ ಅಳತೆಗೋಲಿನಿಂದ ಯೋಜನೆಯನ್ನು ಪ್ರಶ್ನಿಸಲು ಸಾಧ್ಯವಾಯಿತು.
- 1993ರ ಏಪ್ರಿಲ್ 12ರ ಸರ್ಕಾರಿ ಆದೇಶ: ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ. ಊರಿಗೊಂದು ಗ್ರಾಮ ಅರಣ್ಯ ಸಮಿತಿ, ಕಾಡಿನ ಉತ್ಪನ್ನದಲ್ಲಿ ಸಮಿತಿಗೆ ಪಾಲು. ಕೇಂದ್ರದ ಮಾರ್ಗಸೂಚಿ ಬಂದದ್ದು 1990ರ ಜೂನ್ 1ರಂದು. ಕರ್ನಾಟಕದ ಆದೇಶದಲ್ಲಿ ‘ಯೋಜನೆ’ ಎಂಬ ಪದ ಹೆಚ್ಚುವರಿಯಾಗಿ ಇದೆ. ಜನ ಬರೀ ಕಾವಲು ಕಾಯುವುದಲ್ಲ, ಏನು ನೆಡಬೇಕೆಂದು ಕೂತು ನಿರ್ಧರಿಸಬೇಕು ಎಂಬುದು ಅದರ ಅರ್ಥ.
- ಮಿತಿ: ಶೇ. 25ಕ್ಕಿಂತ ಕಡಿಮೆ ಮರದ ಹೊದಿಕೆ ಇರುವ ಕೆಟ್ಟ ಕಾಡಿಗೆ ಮಾತ್ರ ಆದೇಶ ಅನ್ವಯ. ಜೊಯಿಡಾದ ಬಹುಭಾಗ ದಟ್ಟ ಕಾಡು. ಹೀಗಾಗಿ ಕಾಡಿನೊಳಗೇ ಹುಟ್ಟಿ ಬೆಳೆದ, ಕಾಡನ್ನು ಅತಿ ಹೆಚ್ಚು ನೆಚ್ಚಿದವರಿಗೆ ಈ ಸಹಭಾಗಿತ್ವದ ಬಾಗಿಲು ಅಷ್ಟೇ ಕಿರಿದಾಯಿತು. ಯೋಜನೆಯ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ. ಗಿಡ ಸತ್ತದ್ದು, ಹಣ ತಡವಾದದ್ದು ಇದರ ಮುಂದೆ ಚಿಕ್ಕವು.
- ಮೌಲ್ಯಮಾಪನ: 1997ರಲ್ಲಿ ಎನ್.ಸಿ. ಸಕ್ಸೇನಾ, ಮಧು ಸರೀನ್ ಮತ್ತಿತರರು ಕೆನರಾ ವೃತ್ತದ ಅನುಭವದ ಮೇಲೆ ಸ್ವತಂತ್ರ ಅಧ್ಯಯನ ಮಾಡಿದರು. ಸಮಿತಿಗಳು ಹುಟ್ಟಿದವು ನಿಜ, ಆದರೆ ಅಧಿಕಾರ ಇಲಾಖೆಯ ಕೈಯಲ್ಲೇ ಉಳಿಯಿತು. ಸೌದೆ ಹೊರುವವರು, ಮೇವಿಗೆ ಕಾಡು ನೆಚ್ಚಿದವರು ಲೆಕ್ಕದಿಂದ ಹೊರಗುಳಿಯುವ ಅಪಾಯವಿದೆ ಎಂಬ ದಿಕ್ಕಿನ ಟೀಕೆ ಅಂದಿನ ಚರ್ಚೆಯಲ್ಲಿ ಬಲವಾಗಿ ಬಂತು. ನೆಡುತೋಪುಗಳಲ್ಲಿ ಅಕೇಶಿಯಾದ ಪಾಲು ಜಾಸ್ತಿಯಾದದ್ದೂ ವಿವಾದವಾಯಿತು. ಅಕೇಶಿಯಾ ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಆದ್ದರಿಂದ ಬದುಕುಳಿಯುತ್ತದೆ. ಇಲಾಖೆಯ ಕಾಗದದಲ್ಲಿ ಇದು ಗುಣ. ಎಮ್ಮೆಗೆ ಮೇವು ಹುಡುಕುವ ಗೌಳಿಗೆ ಅದೇ ದೋಷ.

ಅಳತೆಯ ಮೆಟ್ಟಿಲುಗಳು

ಐದು ಮೆಟ್ಟಿಲು: ಹೂಡಿದ್ದು, ಮಾಡಿದ್ದು, ಕೈಗೆ ಸಿಕ್ಕಿದ್ದು, ಬದಲಾದದ್ದು, ಉಳಿದದ್ದು. ಕಾಡಿನ ಯೋಜನೆಗೆ ಹಚ್ಚಿ ನೋಡಿ. ಹೂಡಿದ್ದು ಪೌಂಡು ಮತ್ತು ಸಿಬ್ಬಂದಿ. ಮಾಡಿದ್ದು ಸಭೆ, ತರಬೇತಿ, ಗುಂಡಿ ತೋಡುವುದು. ಕೈಗೆ ಸಿಕ್ಕಿದ್ದು ಇಷ್ಟು ಸಮಿತಿ, ಇಷ್ಟು ಹೆಕ್ಟೇರ್ ನೆಡುತೋಪು. ಬದಲಾದದ್ದು ಸೌದೆಗೆ ನಡೆಯುವ ದೂರ, ಸಮಿತಿ ಸಭೆಯಲ್ಲಿ ಬಾಯಿ ತೆರೆಯುವ ಹೆಂಗಸರ ಸಂಖ್ಯೆ. ಉಳಿದದ್ದು ಹಣ ನಿಂತ ಹತ್ತು ವರ್ಷದ ಮೇಲೂ ನಡೆಯುತ್ತಿರುವುದು.

ಬಹುತೇಕ ವರದಿಗಳು ಮೂರನೆಯ ಮೆಟ್ಟಿಲಿನಲ್ಲೇ ನಿಲ್ಲುತ್ತವೆ. ಎಣಿಸಲು ಸುಲಭ, ಹಣಕಾಸು ವರ್ಷದೊಳಗೆ ಮುಗಿಯುತ್ತದೆ, ಕೊಟ್ಟವರಿಗೂ ಪಡೆದವರಿಗೂ ಸಮಾಧಾನ. ಪರೀಕ್ಷಕರು ಹುಡುಕುವುದು ನಾಲ್ಕು ಮತ್ತು ಐದನೆಯದನ್ನು.

ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿಯ ಮಾನದಂಡಗಳು (ಮೂಲ 1991, ಪರಿಷ್ಕರಣೆ 2019) ಈಗ ಆರು: ಪ್ರಸ್ತುತತೆ, ಹೊಂದಾಣಿಕೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಬಾಳಿಕೆ. ಹೊಂದಾಣಿಕೆ ಎಂಬುದು 2019ರಲ್ಲಿ ಸೇರಿದ್ದು. ಒಂದಂಕದ ಪ್ರಶ್ನೆಗೆ ಬರಬಹುದು.

ನೆರವಿನಿಂದಲೇ ಆಯಿತೆಂದು ಹೇಗೆ ಹೇಳುವುದು?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಜೊಯಿಡಾ ಸುತ್ತಿನ ಕಾಡು ಕಳೆದ ಎಪ್ಪತ್ತು ವರ್ಷದಲ್ಲಿ ಎಷ್ಟೋ ಕೈಗಳನ್ನು ಕಂಡಿದೆ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಬಂತು, ಬಿದಿರು ಅಲ್ಲಿಗೆ ಹೋಯಿತು. ಅಣೆಕಟ್ಟು ಬಂತು, ಅಭಯಾರಣ್ಯ ಬಂತು, ಹುಲಿ ಯೋಜನೆ ಬಂತು, ಮನೆಮನೆಗೆ ಗ್ಯಾಸ್ ಸಿಲಿಂಡರ್ ಬಂತು, ಹುಡುಗರು ಗೋವಾಕ್ಕೆ ದುಡಿಯಲು ಹೋದರು. ಇಷ್ಟೆಲ್ಲದರ ನಡುವೆ ಒಂದು ಗುಡ್ಡ ಹಸಿರಾದರೆ ಅದು ಯಾರ ಪುಣ್ಯ? ಬೋಳಾದರೆ ಯಾರ ಪಾಪ?

ಉತ್ತರಕ್ಕೆ ಬೇಕಾದದ್ದು ‘ನೆರವು ಬಾರದೇ ಇದ್ದಿದ್ದರೆ’ ಎಂಬ ಹೋಲಿಕೆ. ಒಂದು ಕಲ್ಪಿತ ಲೆಕ್ಕ ನೋಡಿ. ಸಮಿತಿ ಇರುವ ಊರಿನಲ್ಲಿ ಸೌದೆಗೆ ನಡೆಯುವ ದೂರ 4 ಕಿಲೋಮೀಟರಿನಿಂದ 3ಕ್ಕೆ ಇಳಿಯಿತು ಎನ್ನಿ. ಯೋಜನೆಯವರು 1 ಕಿಲೋಮೀಟರಿನ ಲಾಭ ಬರೆದುಕೊಳ್ಳುತ್ತಾರೆ. ಆದರೆ ಸಮಿತಿಯೇ ಇಲ್ಲದ, ಉಳಿದೆಲ್ಲದರಲ್ಲಿ ಅಂಥದ್ದೇ ಆದ ಪಕ್ಕದ ಊರಿನಲ್ಲೂ ಗ್ಯಾಸ್ ಬಂದದ್ದರಿಂದ ದೂರ 4ರಿಂದ 3.5ಕ್ಕೆ ಇಳಿದಿದೆ. ಯೋಜನೆಯ ಪಾಲು ಆಗ ಅರ್ಧ ಕಿಲೋಮೀಟರ್ ಮಾತ್ರ. ಇದಕ್ಕೆ ‘ವ್ಯತ್ಯಾಸಗಳ ವ್ಯತ್ಯಾಸ’ ವಿಧಾನ ಎನ್ನುತ್ತಾರೆ. ಊರುಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಯೋಜನೆ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸುವುದು ಯಾದೃಚ್ಛಿಕ ಪ್ರಯೋಗ. ಬಡತನ ನಿವಾರಣೆಯಲ್ಲಿ ಈ ಪ್ರಯೋಗ ಮಾರ್ಗಕ್ಕೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರ ನೊಬೆಲ್ ಸಂದಿತು. ಕಾಡಿನ ವಿಷಯದಲ್ಲಿ ಇದು ಸುಲಭವಲ್ಲ. ಒಂದು ಊರಿನ ಬೇಣಕ್ಕೆ ಬೇಲಿ ಹಾಕಿದರೆ ಆ ಊರಿನ ದನ ಪಕ್ಕದ ಊರಿನ ಬೇಣಕ್ಕೆ ನುಗ್ಗುತ್ತವೆ. ಹೋಲಿಕೆಗೆಂದು ಇಟ್ಟುಕೊಂಡ ಊರೇ ಹಾಳಾಗುತ್ತದೆ.

ಅಂಕಿಯೇ ದಾರಿ ತಪ್ಪಿಸುವುದೂ ಉಂಟು. ಭಾರತೀಯ ಅರಣ್ಯ ಸಮೀಕ್ಷೆಯ ವ್ಯಾಖ್ಯೆಯಲ್ಲಿ 1 ಹೆಕ್ಟೇರಿಗೂ ಹೆಚ್ಚಿನ ಜಾಗದಲ್ಲಿ ಶೇ. 10ಕ್ಕಿಂತ ಹೆಚ್ಚು ಮರದ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ಜಾಗ ಯಾರದು ಎಂಬುದು ಲೆಕ್ಕಕ್ಕಿಲ್ಲ. ಆ ಪ್ರಕಾರ ಅಕೇಶಿಯಾ ತೋಪೂ ಕಾಡೇ, ಮತ್ತಿ, ನಂದಿ, ಹೊನ್ನೆ ಬೆಳೆದ ಕಾಡೂ ಕಾಡೇ. ‘ಹೊದಿಕೆ ಹೆಚ್ಚಿತು’ ಎಂಬ ಒಂದೇ ಸಾಲಿನಿಂದ ನೆರವು ಫಲಿಸಿತೆಂದು ತೀರ್ಮಾನಿಸುವುದು ತಪ್ಪು.

ಅಳತೆ ಚೆನ್ನಾಗಿ ನಡೆದ ಉದಾಹರಣೆ

ಹಳಿಯಾಳ, ಮುಂಡಗೋಡಗಳ ಮಗ್ಗುಲಿನ ಧಾರವಾಡ, ಹಾವೇರಿ ಜಿಲ್ಲೆಗಳು ಸುಜಲ ಜಲಾನಯನ ಯೋಜನೆಯಲ್ಲಿ ಇದ್ದವು. 2001ರಲ್ಲಿ ವಿಶ್ವಬ್ಯಾಂಕ್ ಒಪ್ಪಿದ ಸಾಲ. ಉಳಿದ ಜಿಲ್ಲೆಗಳು ಚಿತ್ರದುರ್ಗ, ತುಮಕೂರು, ಕೋಲಾರ. ಉಸ್ತುವಾರಿ ಮತ್ತು ಮೌಲ್ಯಮಾಪನವನ್ನು ಇಸ್ರೊದ ಆಂಟ್ರಿಕ್ಸ್‌ಗೆ ಕೊಡಲಾಯಿತು. ಕೆಲಸಕ್ಕೆ ಮೊದಲೇ ತಳಮಟ್ಟದ ಸಮೀಕ್ಷೆ, ನಡುನಡುವೆ ಉಪಗ್ರಹ ಚಿತ್ರ, ಜೊತೆಗೆ ಮನೆ ಮನೆಯ ವಿಚಾರಣೆ. ಕೆಲಸ ಮುಗಿದ ಮೇಲೆ ನೆನಪಿನ ಮೇಲೆ ಲೆಕ್ಕ ಬರೆಯುವುದಕ್ಕೂ ಇದಕ್ಕೂ ಬಹಳ ಅಂತರ. ಉತ್ತರದಲ್ಲಿ ತಪ್ಪದೆ ಸೇರಿಸಿ.

ದಾಂಡೇಲಿ: ಚಿಕ್ಕ ಟಿಪ್ಪಣಿ

ಕರ್ನಾಟಕ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆ, ಜನರ ಬಾಯಲ್ಲಿ ‘ಕುಡ್ಸೆಂಪ್’. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 1999ರಲ್ಲಿ ಒಪ್ಪಿದ ಸಾಲ 17.5 ಕೋಟಿ ಡಾಲರ್. ಊರುಗಳು ಹತ್ತು: ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರ, ಭಟ್ಕಳ, ಅಂಕೋಲಾ, ಕಾರವಾರ, ಶಿರಸಿ, ದಾಂಡೇಲಿ. ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ ಮುಖ್ಯ ಕೆಲಸ. ಇದು ದಾನವಲ್ಲ, ತೀರಿಸಬೇಕಾದ ಸಾಲ. ಹೂತ ಪೈಪಿನ ಉದ್ದ ಕೈಗೆ ಸಿಕ್ಕಿದ್ದು. ನಲ್ಲಿಯಲ್ಲಿ ದಿನಕ್ಕೆ ನೀರು ಬರುವ ಹೊತ್ತು ಬದಲಾದದ್ದು. ಪೈಪ್ ಒಡೆದಾಗ ರಿಪೇರಿಗೆ ಪುರಸಭೆ ಅಥವಾ ನಗರಸಭೆಯ ಬಳಿ ಹಣ ಇರುವುದು ಬಾಳಿಕೆ. ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ.

ಮುಂಡಗೋಡ: ಯಾವ ಕಡತದಲ್ಲೂ ಇಲ್ಲದ ಫಲ

ಟಿಬೆಟಿನಿಂದ ಬಂದ ನಿರಾಶ್ರಿತರಿಗೆ 1966ರಲ್ಲಿ ಮುಂಡಗೋಡಿನ ಬಳಿ ಸುಮಾರು 4,000 ಎಕರೆ ಜಾಗದಲ್ಲಿ ವಸತಿ ಆರಂಭವಾಯಿತು. ಹೆಸರು ಡೊಗುಲಿಂಗ್. ಜಾಗ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ ಸರ್ಕಾರ. ಹೊರದೇಶಗಳ ಸಂಸ್ಥೆಗಳ ನೆರವೂ ಸೇರಿತು. ಕ್ಯಾಂಪುಗಳು ಎದ್ದವು, ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಇಲ್ಲಿ ಮರುಹುಟ್ಟು ಪಡೆದವು. ಕಾಡು ಕಡಿದ ಜಾಗದಲ್ಲಿ ಗೋವಿನಜೋಳ ಬೆಳೆದು ಕಾಲೂರಿದ ಈ ವಸತಿ ಅರವತ್ತು ವರ್ಷದ ಬಾಳಿಕೆಯ ಪರೀಕ್ಷೆಯಲ್ಲಿ ಗೆದ್ದಿದೆ ಎಂದೇ ನನ್ನ ಎಣಿಕೆ.

ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಕೊಂಡಿ ಬೇರೆಯಿದೆ. ಕರ್ನಾಟಕದಲ್ಲಿ ಟಿಬೆಟನ್ನರ ಪುನರ್ವಸತಿಗೆ ಕೈಜೋಡಿಸಲೆಂದೇ 1968ರಲ್ಲಿ ಮೈರಾಡಾ ಎಂಬ ಸಂಸ್ಥೆ ಹುಟ್ಟಿತು. ಹೆಸರಿನಲ್ಲೇ ಮೈಸೂರು ಇದೆ, ಪುನರ್ವಸತಿಯೂ ಇದೆ. ಸುಮಾರು 15,000 ನಿರಾಶ್ರಿತರ ನೆಲೆಗೆ ನೆರವಾದ ಮೇಲೆ ಅದು ಕನ್ನಡನಾಡಿನ ಬಡ ಹಳ್ಳಿಗಳ ಕೆಲಸಕ್ಕೆ ತಿರುಗಿತು. 1980ರ ದಶಕದ ನಡುವಿನಲ್ಲಿ ಅದು ಕಟ್ಟಿದ ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ಸೋತು ಮನೆಗೆ ಹೋಗಲಿಲ್ಲ. ತಮ್ಮ ನಂಬಿಕೆಯವರೇ ಸೇರಿ ಚಿಕ್ಕ ಚಿಕ್ಕ ಗುಂಪು ಮಾಡಿಕೊಂಡರು, ಉಳಿತಾಯ ಮಾಡಿದರು, ತಮ್ಮೊಳಗೇ ಸಾಲ ಕೊಟ್ಟುಕೊಂಡರು. ಅಲೋಶಿಯಸ್ ಫರ್ನಾಂಡಿಸ್ ನೇತೃತ್ವದ ಮೈರಾಡಾ ಆ ಒಡಕಿನಲ್ಲಿ ದಾರಿ ಕಂಡಿತು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ದೇಶಮಟ್ಟದಲ್ಲಿ ಶುರುವಾಯಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಇಂದು ಹಳಿಯಾಳದ ಸಂತೆಪೇಟೆಯಲ್ಲಿ ಸಂಘದ ಸಾಲದಿಂದ ಹೊಲಿಗೆ ಯಂತ್ರ ಕೊಂಡ ಹೆಂಗಸಿನವರೆಗೂ ಆ ಎಳೆ ಬಂದಿದೆ.

ನಿರಾಶ್ರಿತರಿಗೆಂದು ಹುಟ್ಟಿದ ಸಂಸ್ಥೆಯಿಂದ ಇಂಥ ಫಲ ಬರುತ್ತದೆಂದು 1968ರ ಯಾವ ಅಂದಾಜು ಪಟ್ಟಿಯಲ್ಲೂ ಇರಲು ಸಾಧ್ಯವಿಲ್ಲ. ಉದ್ದೇಶಿಸದ ಫಲ ಎಂಬ ಅಂಶಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಹಾಗೆಯೇ ಇನ್ನೊಂದು ಮಾತು: ಇಲ್ಲಿ ಉಳಿದದ್ದು ಹಣವಲ್ಲ, ಮಾಡುವ ರೀತಿ.

ಜಗತ್ತಿನ ವಾದ, ನಾಲ್ಕು ಸಾಲಿನಲ್ಲಿ

- ಜೆಫ್ರಿ ಸ್ಯಾಕ್ಸ್ (2005): ಬಡತನದ ಬಲೆಯಿಂದ ಎತ್ತಲು ದೊಡ್ಡ ಪ್ರಮಾಣದ ನೆರವು ಬೇಕು.
- ವಿಲಿಯಂ ಈಸ್ಟರ್ಲಿ (2006): ಮೇಲಿನಿಂದ ಹೇರಿದ ದೊಡ್ಡ ಯೋಜನೆ ಸೋಲುತ್ತದೆ, ಕೆಳಗಿನಿಂದ ಹುಡುಕುವವರೇ ಗೆಲ್ಲುತ್ತಾರೆ.
- ಡಾಂಬಿಸಾ ಮೊಯೊ (2009): ಆಫ್ರಿಕಾದಲ್ಲಿ ನೆರವೇ ಅವಲಂಬನೆಗೆ ದಾರಿ ಮಾಡಿತು.
- ಬರ್ನ್‌ಸೈಡ್ ಮತ್ತು ಡಾಲರ್ (2000): ಒಳ್ಳೆಯ ನೀತಿ ಇರುವಲ್ಲಿ ನೆರವು ಬೆಳವಣಿಗೆ ತರುತ್ತದೆ. ರಘುರಾಮ್ ರಾಜನ್ ಮತ್ತು ಅರವಿಂದ್ ಸುಬ್ರಮಣಿಯನ್ (2008): ಅಂಥ ಗಟ್ಟಿ ಸಂಬಂಧ ಅಂಕಿಗಳಲ್ಲಿ ಕಾಣುವುದಿಲ್ಲ.

ಈ ವಾದಗಳೆಲ್ಲ ದೇಶದ ಮಟ್ಟದವು. ತಾಲೂಕಿನ ಮಟ್ಟಕ್ಕೆ ಇಳಿದರೆ ಈಸ್ಟರ್ಲಿಯ ಮಾತಿಗೆ ಮುಂಡಗೋಡಿನ ಕಥೆ ಹೆಚ್ಚು ಹತ್ತಿರ.

ನೆನಪಿಡಬೇಕಾದ ವರ್ಷಗಳು

- 1958: ಜಪಾನಿನ ಮೊದಲ ಯೆನ್ ಸಾಲ; ಪಡೆದ ದೇಶ ಭಾರತ.
- 1976, 2010: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗಳು. 2020ರ ತಿದ್ದುಪಡಿ: ಆಡಳಿತ ವೆಚ್ಚಕ್ಕೆ ಶೇ. 20ರ ಮಿತಿ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ.
- 2003: ಸಣ್ಣ ದಾನಿ ದೇಶಗಳಿಂದ ನೇರ ನೆರವು ಬೇಡವೆಂದ ಭಾರತ.
- 2005: ನೆರವಿನ ಪರಿಣಾಮಕಾರಿತ್ವದ ಪ್ಯಾರಿಸ್ ಘೋಷಣೆ. ಮುಂದೆ 2008 ಅಕ್ರಾ, 2011 ಬೂಸಾನ್.
- 2005: ಕರ್ನಾಟಕ ಸುಸ್ಥಿರ ಅರಣ್ಯ ನಿರ್ವಹಣೆ ಮತ್ತು ಜೀವವೈವಿಧ್ಯ ಸಂರಕ್ಷಣಾ ಯೋಜನೆ. ಜಪಾನಿನ ಸಾಲ, ಗ್ರಾಮ ಅರಣ್ಯ ಸಮಿತಿಗಳ ಮೂಲಕವೇ ಜಾರಿ.
- 2012: ಭಾರತಕ್ಕೆ ಕೊಡುವ ಹಣಕಾಸು ಅನುದಾನವನ್ನು 2015ರೊಳಗೆ ನಿಲ್ಲಿಸುವುದಾಗಿ ಬ್ರಿಟನ್ ಪ್ರಕಟಣೆ. ಅದೇ ವರ್ಷ ಭಾರತದ ವಿದೇಶಾಂಗ ಇಲಾಖೆಯಲ್ಲಿ ಹೊರದೇಶಗಳಿಗೆ ನೆರವು ಕೊಡುವ ಪ್ರತ್ಯೇಕ ವಿಭಾಗ.
- 2025: ಅಮೆರಿಕದ ಯುಎಸ್‌ಏಡ್ ಬಾಗಿಲು ಹಾಕಿತು.

ಉತ್ತರ ಬರೆಯುವವರಿಗೆ

ಸಂಭಾವ್ಯ ಪ್ರಶ್ನೆ: ‘ವಿದೇಶಿ ನೆರವಿನ ಯಶಸ್ಸನ್ನು ಖರ್ಚಾದ ಹಣದಿಂದ ಅಳೆಯಲಾಗದು. ಕರ್ನಾಟಕದ ಉದಾಹರಣೆಯೊಂದಿಗೆ ಚರ್ಚಿಸಿ.’ ವ್ಯಾಖ್ಯೆಗೆ ಎರಡು ಸಾಲು ಸಾಕು. ಐದು ಮೆಟ್ಟಿಲನ್ನು ಪಶ್ಚಿಮ ಘಟ್ಟ ಯೋಜನೆಯ ಮೇಲಿಟ್ಟು ತೋರಿಸಿ, ಹೋಲಿಕೆಯ ತೊಡಕು ವಿವರಿಸಿ, ಸುಜಲ ಮತ್ತು ಮೈರಾಡಾ ಹೆಸರಿಸಿ. ಲಾಭವಾದವರ ಜೊತೆಗೆ ಮೇವು, ಸೌದೆ ಕಳೆದುಕೊಂಡವರು ಯಾರೆಂದು ಒಂದು ವಾಕ್ಯ ಬರೆಯದೆ ಉತ್ತರಪತ್ರಿಕೆ ಮಡಚಬೇಡಿ.

ಕಾಡಂಚಿನ ಊರಿನವರಾದರೆ ಇನ್ನೊಂದು ಕೆಲಸ ಮಾಡಿ. ನಿಮ್ಮೂರಿನ ಗ್ರಾಮ ಅರಣ್ಯ ಸಮಿತಿಯ ನಡಾವಳಿ ಪುಸ್ತಕ ಕೇಳಿ ತೆರೆಯಿರಿ. ಕೊನೆಯ ಸಭೆಯ ತಾರೀಕು ನೋಡಿ, ಸಹಿಗಳಲ್ಲಿ ಹೆಂಗಸರವು ಎಷ್ಟೆಂದು ಎಣಿಸಿ, ಅದನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.